ಕೆಸುವಿನ ಮೂಟೆಯಲ್ಲಿ ಬಂದದ್ದು

ನಮ್ಮ ದ್ವೀಪದ ಪಟ್ಟಣ ಫೋರ್-ದ-ಫ್ರಾನ್ಸಿನ ದೊಡ್ಡ ಮಾರುಕಟ್ಟೆಯಲ್ಲಿ ಮಾ ಸಿದಾಲೀಸಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಲ್ಲಿಯ ನೆಲ. ಗಟ್ಟಿ ಸಿಮೆಂಟಿನ ನೆಲ. ಒಂದು ಹುಲ್ಲುಕಡ್ಡಿ ಇಲ್ಲ, ಒಂದು ಬಿಲ ಇಲ್ಲ, ಎಲ್ಲಿ ಕಾಲಿಟ್ಟರೂ ಏನಿದೆ ಏನಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ. ಬೇರೆಯವರು ತಲೆಯೆತ್ತಿ ಆ ಕಬ್ಬಿಣದ ಕಂಬಗಳನ್ನೂ ಎತ್ತರದ ಚಾವಣಿಯನ್ನೂ ನೋಡಿ ಬೆರಗಾಗುತ್ತಿದ್ದರು. ಹಡಗಿನಲ್ಲಿ ಬಂದಿಳಿದವರಂತೂ ಬಾಗಿಲಲ್ಲೇ ನಿಂತು ಫೋಟೋ ತೆಗೆಯುತ್ತಿದ್ದರು. ಸಿದಾಲೀಸ್ ಇಪ್ಪತ್ತಾರು ವರ್ಷದಲ್ಲಿ ಆ ಚಾವಣಿಯನ್ನು ಸರಿಯಾಗಿ ನೋಡಿದ್ದಿಲ್ಲ. ಅವಳ ಕಣ್ಣು ಯಾವಾಗಲೂ ಕೆಳಗೇ.

ಎಡಸಾಲಿನಲ್ಲಿ ನಾಲ್ಕನೆಯ ಮೇಜು ಅವಳದು. ಚಕ್ಕೆ, ಜಾಯಿಕಾಯಿ, ಲವಂಗ, ವೆನಿಲಾ ಕೋಡು, ಕೊಲೊಂಬೊ ಮಸಾಲೆಪುಡಿ, ಕಷಾಯದ ಸೊಪ್ಪಿನ ಸಣ್ಣ ಕಟ್ಟುಗಳು. ಇವೆಲ್ಲ ಗುಡ್ಡದ ಕಡೆಯಿಂದ ಬರುವ ಸರಕು. ಆದರೆ ಸಿದಾಲೀಸ್ ಗುಡ್ಡದ ಕಡೆ ಹೋಗುವವಳಲ್ಲ. ಅಲ್ಲಿ ನಡೆದ ತಂಗಿಯ ಮಗಳ ಮದುವೆಗೂ ಹೋಗಲಿಲ್ಲ. ಸೊಪ್ಪಿನ ಹೊರೆ ಬಂದರೆ ಮೊದಲು ಅದನ್ನು ನೆಲದ ಮೇಲೆ ಹಾಕಿ, ಉದ್ದನೆಯ ಕೋಲಿನಿಂದ ನಾಲ್ಕು ಬಾರಿಸಿ, ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ಬಿಚ್ಚುತ್ತಿದ್ದಳು.

ಅವಳು ಹುಟ್ಟಿದ್ದು ಉತ್ತರದ ಬಾಸ್-ಪ್ವಾಂತ್ ಕಡೆಯ ಕಬ್ಬಿನ ಸೀಮೆಯಲ್ಲಿ. ಅಪ್ಪ ಕಬ್ಬು ಕಡಿಯುವವನು. ಎಂಟು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಅವನಿಗೆ ಬುತ್ತಿ ಒಯ್ದಿದ್ದಳು. ಕಬ್ಬಿನ ಸಾಲಿನ ನಡುವೆ ಅಪ್ಪ ತನ್ನ ಮೀನಖಂಡವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. "ಮಗಳೇ, ಅಲ್ಲೇ ನಿಲ್ಲು. ಒಂದು ಹೆಜ್ಜೆನೂ ಎತ್ತಬೇಡ," ಅಂದ. ಅವಳು ನಿಂತಳು. ಜನ ಓಡಿಬಂದರು, ಅವನನ್ನು ಜೋಲಿಯಲ್ಲಿ ಹಾಕಿಕೊಂಡು ನಾಟಿ ವೈದ್ಯನ ಮನೆಗೆ ಓಡಿದರು. ಹುಡುಗಿಯ ನೆನಪು ಯಾರಿಗೂ ಆಗಲಿಲ್ಲ. ಹೊತ್ತು ಮುಳುಗುವವರೆಗೂ ಸಿದಾಲೀಸ್ ಬುತ್ತಿ ಹಿಡಿದುಕೊಂಡು ಅದೇ ಜಾಗದಲ್ಲಿ ನಿಂತೇ ಇದ್ದಳು. ಸುತ್ತ ಕಬ್ಬಿನ ಗರಿ ಸರಬರ ಅನ್ನುತ್ತಿತ್ತು. ಪ್ರತಿಯೊಂದು ಸದ್ದೂ ಅದೇ ಇರಬಹುದು ಅನ್ನಿಸುತ್ತಿತ್ತು. ಅಪ್ಪ ಎರಡನೆಯ ದಿನ ಸತ್ತ.

ನಮ್ಮ ದ್ವೀಪದಲ್ಲಿ ಹಾವಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಹೆಸರು ಹೇಳಿದರೆ ಕರೆದ ಹಾಗೆ. 'ಉದ್ದನೆಯದು' ಅನ್ನುತ್ತಾರೆ, ಇಲ್ಲವೇ ಸುಮ್ಮನೆ 'ಹುಳ' ಅನ್ನುತ್ತಾರೆ. ಹದಿನಾರಕ್ಕೆ ಸಿದಾಲೀಸ್ ಪಟ್ಟಣಕ್ಕೆ ಬಂದು ದೊಡ್ಡವರ ಮನೆಯಲ್ಲಿ ಕೆಲಸಕ್ಕೆ ನಿಂತಳು, ಮದುವೆಯಾದಳು, ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಗಂಡ ತೀರಿಕೊಂಡ ಮೇಲೆ ಮಾರುಕಟ್ಟೆ ಸೇರಿದಳು. ಇಷ್ಟರ ನಡುವೆ ಅವಳು ಮಣ್ಣಿನ ಮೇಲೆ ಬರಿಗಾಲಿಡಲಿಲ್ಲ.

ಪಕ್ಕದ ಮೇಜಿನ ಲೆಯೋಕಾದಿಗೆ ಇದೆಲ್ಲ ತಮಾಷೆ. ಲೆಯೋಕಾದಿ ತರಕಾರಿ, ಗೆಡ್ಡೆ-ಗೆಣಸು ಮಾರುವವಳು. ಭಾರೀ ಆಳು, ಭಾರೀ ದನಿ. ಸಕ್ಕರೆ ಕಾಯಿಲೆಯಿಂದ ಎರಡೂ ಪಾದ ಊದಿಕೊಂಡಿದ್ದವು. ಅದರಲ್ಲೂ ಎಡಗಾಲಿಗೆ ಸ್ಪರ್ಶವೇ ಇರಲಿಲ್ಲ. ಬಟ್ಟೆಯ ಚಪ್ಪಲಿಯ ಮುಂಭಾಗ ಕತ್ತರಿಸಿ ಹಾಕಿಕೊಂಡು, ಕಾಲನ್ನು ಯಾವುದಾದರೂ ಮೂಟೆಯ ಮೇಲೆ ಚಾಚಿ ಕೂರುತ್ತಿದ್ದಳು. ಬಾಯಿಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಅನಾಹುತ ಆಗಿತ್ತು. ಕಬ್ಬಿನ ಕಟ್ಟಿನ ಹಿಂದೆ ಕಪ್ಪಗೆ ಏನೋ ಸುತ್ತಿಕೊಂಡದ್ದು ಕಂಡು ಸಿದಾಲೀಸ್ "ಉದ್ದನೆಯದು! ಉದ್ದನೆಯದು!" ಎಂದು ಕಿರುಚಿದ್ದಳು. ಇಡೀ ಮಾರುಕಟ್ಟೆ ಬೀದಿಗೆ ಬಿತ್ತು. ಮೊಟ್ಟೆಯ ಬುಟ್ಟಿಗಳು ಮಗುಚಿದವು, ರಮ್ಮಿನ ಬಾಟಲಿಗಳು ಒಡೆದವು, ತುಂಬು ಬಸುರಿಯೊಬ್ಬಳು ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಅವಳಿಗೆ ಏನೂ ಆಗಲಿಲ್ಲ ಅನ್ನುವುದೊಂದೇ ಪುಣ್ಯ. ಕೋಲು ಹಾಕಿ ಎಳೆದು ನೋಡಿದರೆ ಅದು ಸೈಕಲ್ ಟ್ಯೂಬು.

ಮಾರುಕಟ್ಟೆಯ ಮೇಲ್ವಿಚಾರಕ ಮೆಸ್ಯೆ ಬೊನಿಫಾಸ್ ಅವಳನ್ನು ಕರೆಸಿ ಹೇಳಿದ: "ನೋಡಿ ಮಾ ಸಿದಾಲೀಸ್, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಇವತ್ತು ಬಿಡ್ತೀನಿ. ಇನ್ನೊಂದ್ಸಲ ಹಿಂಗೆ ಕೂಗಿದ್ರೆ ಮೇಜು ಬೇರೆಯವರಿಗೆ ಕೊಡ್ತೀನಿ."

ಅಂದಿನಿಂದ ಅವಳ ಹೆಸರು 'ಮಾ ಟ್ಯೂಬ್'. ಇಟ್ಟವಳು ಲೆಯೋಕಾದಿ.

ಎಂಬತ್ತಮೂರನೆಯ ಇಸವಿಯ ನವೆಂಬರಿನ ಒಂದು ಶನಿವಾರ. ಗುಡ್ಡದ ಮೇಲೆ ಒಂದು ವಾರದಿಂದ ಜಡಿಮಳೆ. ಬೆಳಿಗ್ಗೆ ಹತ್ತರ ಸುಮಾರಿಗೆ ಟ್ರಕ್ಕಿನ ಎವಾರಿಸ್ಟ್ ಲೆಯೋಕಾದಿಯ ಕೆಸುವಿನ ಗೆಡ್ಡೆಯ ಮೂಟೆಯನ್ನು ತಂದು ಮೇಜಿನ ಕೆಳಗೆ ದೊಪ್ಪನೆ ಇಳಿಸಿದ.

"ಮೂರು ದಿನದಿಂದ ಕಣದಲ್ಲೇ ಬಿದ್ದಿತ್ತು. ದಾರಿ ಕುಸಿದು ಟ್ರಕ್ ಹತ್ತಲಿಲ್ಲ," ಎಂದ.

"ಕೊಳೆತಿದ್ರೆ ನಿನ್ ತಲೆಗೇ ಕಟ್ತೀನಿ," ಎಂದು ಲೆಯೋಕಾದಿ ಮೂಟೆಯ ಬಾಯಿ ಬಿಚ್ಚಿದಳು. ಮೇಲಿನ ಹತ್ತು ಹನ್ನೆರಡು ಗೆಡ್ಡೆಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿ, ಎಂದಿನಂತೆ ಎಡಗಾಲನ್ನು ಮೂಟೆಗೆ ಆನಿಸಿ ಕೂತಳು. ಎವಾರಿಸ್ಟ್ ಕಾಫಿ ಕುಡಿಯಲು ಹೊರಗೆ ಹೋದ.

ಸಿದಾಲೀಸಳ ಕೈಯಿಂದ ಒಂದು ಜಾಯಿಕಾಯಿ ಜಾರಿ ಉರುಳಿತು. ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದಾಗ ಮೂಟೆಯ ತೆರೆದ ಬಾಯಿ ಅವಳ ಮುಖದ ಮಟ್ಟಕ್ಕೇ ಬಂತು.

ಮಣ್ಣು ಮೆತ್ತಿದ ಗೆಡ್ಡೆಗಳ ನಡುವೆ ಒಂದು ಗೆಡ್ಡೆ ಮಾತ್ರ ಒದ್ದೆಯಾಗಿ ಮಿನುಗುತ್ತಿತ್ತು. ಅದೂ ಕಂದೇ, ಅದೂ ಮಣ್ಣಿನ ಬಣ್ಣವೇ. ಆಮೇಲೆ ಆ ಗೆಡ್ಡೆಯ ಒಂದು ಮಗ್ಗುಲು ಇನ್ನೊಂದು ಮಗ್ಗುಲ ಮೇಲೆ ಸಾವಕಾಶವಾಗಿ ಜಾರಿತು.

ಸಿದಾಲೀಸ್ ನೆಟ್ಟಗೆ ಕೂತಳು. ಜಾಯಿಕಾಯಿ ನೆಲದಲ್ಲೇ ಉಳಿಯಿತು. ಇಲ್ಲ, ಅದು ಗೆಡ್ಡೆ. ಮಳೆಗೆ ನೆನೆದ ಗೆಡ್ಡೆ. ಕಣ್ಣಿಗೆ ವಯಸ್ಸಾಯಿತು. ಕೂಗಿದರೆ? ಕೂಗಿ, ಇದೂ ಟ್ಯೂಬೇ ಆದರೆ? ಬೊನಿಫಾಸನ ಮಾತು ನೆನಪಾಯಿತು. ಲೆಯೋಕಾದಿಯ ನಗು ಕೇಳಿಸಿದಂತಾಯಿತು. ಇನ್ನೊಮ್ಮೆ ಬಗ್ಗಿ ನೋಡಿಬಿಡೋಣ ಅಂದುಕೊಂಡಳು. ಆದರೆ ಕುತ್ತಿಗೆ ಬಗ್ಗಲಿಲ್ಲ.

"ಇದು ಎಷ್ಟು ದಿನ ಕೆಡದೆ ಇರುತ್ತೆ?"

ಎದುರಿಗೆ ಫ್ರಾನ್ಸಿನಿಂದ ಬಂದ ಹೆಂಗಸೊಬ್ಬಳು ವೆನಿಲಾ ಕೋಡು ಹಿಡಿದು ನಿಂತಿದ್ದಳು. ದೊಡ್ಡ ಟೋಪಿ, ಬಿಸಿಲಿಗೆ ಕೆಂಪಾದ ಭುಜ, ಕಾಲಿಗೆ ಬರೀ ಪಟ್ಟಿಯ ಚಪ್ಪಲಿ. ಸಿದಾಲೀಸಳ ಕಣ್ಣು ಆ ಬೆತ್ತಲೆ ಬೆರಳುಗಳ ಮೇಲೆ ನೆಟ್ಟಿತು.

"ಎರಡು ವರ್ಷ ಇರುತ್ತೆ ಮೇಡಂ. ಗಾಜಿನ ಶೀಶೆಯಲ್ಲಿ ಇಡಿ." ತನ್ನ ಬಾಯಿಂದ ಇಷ್ಟು ಸಲೀಸಾಗಿ ಮಾತು ಬಂದದ್ದು ಕೇಳಿ ಅವಳಿಗೇ ಹೆದರಿಕೆಯಾಯಿತು. ಕೋಡನ್ನು ಕಾಗದದಲ್ಲಿ ಸುತ್ತಿದಳು. ಕಾಗದ ಹರಿಯಿತು. ಇನ್ನೊಂದು ಕಾಗದ ತೆಗೆದಳು. ಆ ಹೆಂಗಸು ಮುದುಕಿಯ ಕೈಯೆಂದು ಮರುಗಿ ಸುಮ್ಮನೆ ಕಾದಳು.

ಆಮೇಲೆ ಹೋಟೆಲಿನ ಅಡುಗೆಯವಳು ಬಂದು ಕೊಲೊಂಬೊ ಪುಡಿ ಕೇಳಿದಳು. "ಯಾಕೆ ಮಾ ಸಿದಾಲೀಸ್, ಮುಖಕ್ಕೆ ಬೂದಿ ಬಳಿದಂಗಿದೆ?"

"ಸೆಕೆ."

"ಸ್ವಲ್ಪ ನೀರು ಕುಡೀರಿ."

"ಹೂಂ."

ಪುಡಿ ಅಳೆದು ಕೊಟ್ಟಳು. ಅಷ್ಟು ಹೊತ್ತೂ ಲೆಯೋಕಾದಿಯ ಎಡಗಾಲು ಆ ಮೂಟೆಗೆ ಆನಿಕೊಂಡೇ ಇತ್ತು. ಅಷ್ಟು ಹೊತ್ತೂ ಸಿದಾಲೀಸ್ ಏನೂ ಹೇಳಲಿಲ್ಲ.

ಟೋಪಿಯ ಹೆಂಗಸು ಈಗ ಪಕ್ಕದ ಮೇಜಿಗೆ ಸರಿದಿದ್ದಳು. "ಇದೇನಿದು, ಮೈತುಂಬ ಕೂದಲು?" ಎಂದು ಕೆಸುವಿನ ಗೆಡ್ಡೆಯನ್ನು ಬೆರಳಲ್ಲಿ ಮುಟ್ಟಿ ನಕ್ಕಳು.

"ನನ್ನ ಮೊದಲ್ನೇ ಗಂಡ ಮೇಡಂ! ಬೇಯಿಸಿದ್ರೆ ಮೆತ್ತಗಾಗ್ತಾನೆ," ಎಂದಳು ಲೆಯೋಕಾದಿ. ಆಚೀಚೆಯವರು ನಕ್ಕರು. "ತಾಳಿ, ಕೆಳಗೆ ಒಳ್ಳೊಳ್ಳೇವು ಇವೆ. ಎಳೇದು ಆರಿಸಿ ಕೊಡ್ತೀನಿ." ಎಂದು ಬಲಗೈಯನ್ನು ಮೂಟೆಯ ಬಾಯಿಯತ್ತ ಇಳಿಸಿದಳು.

"ಲೆಯೋಕಾದಿ. ಕೈ ಹಾಕಬೇಡ."

ಕೂಗಲಿಲ್ಲ. ಪಿಸುಮಾತಿಗಿಂತ ಸ್ವಲ್ಪ ಜೋರು, ಅಷ್ಟೇ.

ಲೆಯೋಕಾದಿ ಅರ್ಧಕ್ಕೆ ನಿಂತಳು. "ಯಾಕೇ ಮಾ ಟ್ಯೂಬ್? ಒಳಗೆ ಸೈಕಲ್ ಅಂಗಡಿ ಇಟ್ಟವ್ರಾ?"

"ಸತ್ತಿರೋ ನಮ್ಮಪ್ಪನ ಆಣೆ ಕಣೇ."

ಇಪ್ಪತ್ತಾರು ವರ್ಷದಲ್ಲಿ ಸಿದಾಲೀಸ್ ತನ್ನ ಅಪ್ಪನ ಮಾತೆತ್ತಿದ್ದನ್ನು ಲೆಯೋಕಾದಿ ಕೇಳಿರಲಿಲ್ಲ. ತಿರುಗಿ ಅವಳ ಮುಖ ನೋಡಿದಳು. ನಗು ಬಾಯಲ್ಲೇ ಇತ್ತು, ಕಣ್ಣಿನಿಂದ ಮಾತ್ರ ಹೋಯಿತು. ಕೈಯನ್ನು ಬಹಳ ಮೆಲ್ಲಗೆ ಮೇಲಕ್ಕೆ ತಂದು ಮಡಿಲಲ್ಲಿಟ್ಟುಕೊಂಡಳು.

"ಎಲ್ಲಿ?"

ಸಿದಾಲೀಸ್ ಉತ್ತರ ಹೇಳುವ ಮೊದಲೇ ಅದು ಮೂಟೆಯ ಬಾಯಿಂದ ಹೊರಗೆ ಬಂತು. ಮೊದಲು ಚಪ್ಪಟೆ ತಲೆ, ಮೂರು ಮೂಲೆಯದು. ಆಮೇಲೆ ಅವಸರವೇ ಇಲ್ಲದ ಮೈ. ಗೋಣಿಯಿಂದ ಇಳಿದು ಲೆಯೋಕಾದಿಯ ಎಡಪಾದದ ಮೇಲೆ ಹತ್ತಿತು. ಕತ್ತರಿಸಿದ ಚಪ್ಪಲಿಯಿಂದ ಹೊರಚಾಚಿದ ಊದಿದ ಬೆರಳುಗಳ ಮೇಲೆ ಮೈ ಹಾಸಿ ಅಲ್ಲೇ ನಿಂತಿತು.

"ಎಲ್ಲೇ? ಹೇಳೇ!" ಲೆಯೋಕಾದಿಯ ತುಟಿ ಮಾತ್ರ ಅಲ್ಲಾಡಿತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಆ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ.

ನಿನ್ನ ಕಾಲ ಮೇಲೆ ಎಂದರೆ ಜಾಡಿಸಿಬಿಡುತ್ತಾಳೆ. ಯಾರೇ ಆದರೂ ಜಾಡಿಸುತ್ತಾರೆ. ಸಿದಾಲೀಸ್ ಹೇಳಿದಳು: "ಇನ್ನೂ ಮೂಟೆಯೊಳಗಿದೆ. ಕಾಲು ಎತ್ತಬೇಡ. ಕೆಳಗೆ ನೋಡಬೇಡ. ನನ್ನನ್ನೇ ನೋಡು."

"ಸಿದಾಲೀಸ್, ನಂಗೆ ಭಯ ಆಗ್ತಿದೆ ಕಣೇ."

"ನನ್ನನ್ನೇ ನೋಡು."

ಟೋಪಿಯ ಹೆಂಗಸಿಗೆ ಇವರ ಊರುಮಾತು ಕ್ರಿಯೋಲ್ ತಿಳಿಯದು. ಇಬ್ಬರು ವ್ಯಾಪಾರಿಗಳು ಬೆಲೆಯ ವಿಷಯಕ್ಕೆ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಮುಗುಳ್ನಗುತ್ತ ನಿಂತಿದ್ದಳು. ಸಿದಾಲೀಸ್ ಅವಳ ಕಡೆ ತಿರುಗಿ ಒಳ್ಳೆಯ ಫ್ರೆಂಚಿನಲ್ಲಿ ಹೇಳಿದಳು: "ಮೇಡಂ, ದಯವಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ. ನಿಧಾನವಾಗಿ." ಆಕೆ ಏನು ಅರ್ಥ ಮಾಡಿಕೊಂಡಳೋ, ಮುಖ ಸಣ್ಣದು ಮಾಡಿಕೊಂಡು ಹಿಂದೆ ಸರಿದಳು.

ಎಷ್ಟು ಹೊತ್ತಾಯಿತೋ. ಮೀನಿನ ಬೋಂಡ ಕರಿಯುವ ಎಣ್ಣೆಯ ಸದ್ದು ಕೇಳುತ್ತಿತ್ತು, ಯಾರೋ ಅನಾನಸಿಗೆ ಚೌಕಾಸಿ ಮಾಡುತ್ತಿದ್ದರು. ಹಾವು ತಲೆಯೆತ್ತಿ ನಾಲಿಗೆ ಹೊರಚಾಚಿ ಗಾಳಿ ನೋಡಿತು. ಆಮೇಲೆ ಪಾದದ ಮೇಲಿಂದ ಇಳಿಯತೊಡಗಿತು. ಇಳಿಯಿತು, ಇಳಿಯಿತು, ಅದರ ಉದ್ದ ಮುಗಿಯಲೇ ಇಲ್ಲ. ಬಾಲದ ತುದಿ ಕೊನೆಯ ಬೆರಳನ್ನು ದಾಟಿತು. ಎರಡು ಮೇಜುಗಳ ನಡುವಿನ ಕಬ್ಬಿಣದ ಕಂಬದ ಬುಡದ ಪಕ್ಕಕ್ಕೆ ಹೋಗಿ ನೆಲದ ಮೇಲೆ ಅದು ಸುರುಳಿ ಸುತ್ತಿಕೊಂಡಿತು. ಸಿದಾಲೀಸ್ ಕೂತಿದ್ದ ಜಾಗಕ್ಕೆ ಅದು ಒಂದು ಮಾರು ದೂರವೂ ಇರಲಿಲ್ಲ. ಆಚೆಗೆ ಜನರು ಓಡಾಡುವ ದಾರಿ.

ಲೆಯೋಕಾದಿ ಸೊಪ್ಪು ತೊಳೆಯುವ ತಗಡಿನ ದೊಡ್ಡ ಟಬ್ಬು ಬರಿದಾಗಿ ಗೋಡೆಗೆ ಒರಗಿತ್ತು. ಅದನ್ನು ಎತ್ತಿಕೊಳ್ಳಬೇಕು ಎಂದು ಸಿದಾಲೀಸ್ ತೀರ್ಮಾನಿಸಿದ್ದೇನೂ ಇಲ್ಲ. ಧೈರ್ಯ ಬಂತೆಂದು ಆಮೇಲೆ ಜನ ಹೇಳಿದರು; ಅಂಥದ್ದೇನೂ ಬರಲಿಲ್ಲ. ಓಡಬೇಕೆಂದೇ ಎದ್ದಳು. ಓಡಲು ದಾರಿ ಇದ್ದದ್ದು ಆ ಕಂಬದ ಪಕ್ಕದಿಂದಲೇ. ಹಿಂದೆ ಗೋಡೆ, ಈಚೆ ಮೇಜು. ಕೈಗೆ ಟಬ್ಬು ಸಿಕ್ಕಿತು. ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿಕೊಂಡು ಆ ಸುರುಳಿಯ ಮೇಲೆ ಬೋರಲು ಹಾಕಿದಳು. ಅದರ ಮೇಲೆಯೇ ಕುಸಿದು ಕೂತಳು.

ಟಣ್.

ಒಳಗಿನಿಂದ ಬಡಿಯಿತು. ತಗಡಿನ ಮೂಲಕ ಆ ಪೆಟ್ಟು ಅವಳ ತೊಡೆಗೆ ತಾಕಿತು. ಮತ್ತೆ ಬಡಿಯಿತು. ಬೆಚ್ಚಗಿನದೇನೋ ಲಂಗದೊಳಗೆ ಇಳಿದು ತಗಡಿನ ಮೇಲೆ ಹರಿದು ಸಿಮೆಂಟಿಗೆ ತೊಟ್ಟಿಕ್ಕಿತು. ಐವತ್ತೆಂಟು ವರ್ಷದ ಹೆಂಗಸು, ತುಂಬಿದ ಮಾರುಕಟ್ಟೆಯ ನಡುವೆ.

ಈಗ ಕೂಗಿದವಳು ಲೆಯೋಕಾದಿ. ಅಂಥ ಕೂಗನ್ನು ಆ ಚಾವಣಿ ಹಿಂದೆ ಕೇಳಿರಲಾರದು. ಜನ ದಿಕ್ಕಾಪಾಲಾದರು. ಅವರ ನಡುವೆ ಮೆಸ್ಯೆ ಬೊನಿಫಾಸ್ ಕೆಂಡವಾಗಿ ನುಗ್ಗಿಬಂದ.

"ಮತ್ತೆ ಶುರುವಾಯ್ತಾ ಮಾ ಸಿದಾಲೀಸ್? ಮತ್ತೆ ನೀವೇನಾ? ಏಳಿ ಮೇಲೆ!"

ಟಣ್ ಅಂದಿತು ಟಬ್ಬು.

ಬೊನಿಫಾಸ್ ಟಬ್ಬನ್ನು ನೋಡಿದ. ಅವಳ ಮುಖ ನೋಡಿದ. ಬಂದ ದಾರಿಯಲ್ಲೇ ಹಿಂದೆ ಹಿಂದೆ ನಡೆದು, ತನ್ನ ಕೋಣೆಯ ಟೆಲಿಫೋನಿಗೆ ಓಡಿದ.

ಅಗ್ನಿಶಾಮಕದವರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಶನಿವಾರದ ಬೀದಿಗಳಲ್ಲಿ ಗಾಡಿ ನುಗ್ಗುವುದು ಸುಲಭವಲ್ಲ. ಅಷ್ಟು ಹೊತ್ತೂ ಅವಳು ಕೂತೇ ಇದ್ದಳು. ಎವಾರಿಸ್ಟ್ ಬಂದು, "ನಾನು ಕೂರ್ತೀನಿ ಮಾ, ನೀವು ಏಳಿ," ಎಂದು ಕೈ ಚಾಚಿದ. ಮೂಟೆ ತಂದವನು ತಾನೇ ಎಂದು ಅವನ ಮುಖವೂ ಬಿಳಿಚಿಕೊಂಡಿತ್ತು.

"ಆಗಲ್ಲ ಮಗ. ನಂಗೆ ಕಾಲೇ ಇಲ್ಲ."

"ಹಂಗಂದ್ರೆ?"

"ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ. ನೀನು ಮಾತಾಡ್ತಾ ಇರು. ಏನಾದ್ರೂ ಮಾತಾಡು."

ಎವಾರಿಸ್ಟ್ ಅವಳ ಕೈ ಹಿಡಿದು ಕುಸಿದ ದಾರಿಯ ಬಗ್ಗೆ, ಟ್ರಕ್ಕಿನ ಬ್ರೇಕಿನ ಬಗ್ಗೆ, ತನ್ನ ಅತ್ತೆಯ ಹಲ್ಲುನೋವಿನ ಬಗ್ಗೆ ಬಾಯಿಗೆ ಬಂದದ್ದೆಲ್ಲ ಹೇಳಿದ. ಒಳಗೆ ಬಡಿತ ನಿಂತಾಗ ಅವಳಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಎಲ್ಲಿಂದಲೋ ಸಂದಿ ಮಾಡಿಕೊಂಡು ಬರುತ್ತಿದೆಯೇನೋ ಎಂದು. ಕೊನೆಗೆ ಬಂದವರು ಟಬ್ಬಿನ ಅಡಿಗೆ ಒಂದು ತಗಡಿನ ಹಾಳೆ ತಳ್ಳಿ, ಇಬ್ಬರು ಅವಳನ್ನು ಕುರ್ಚಿಯಿಂದ ಮಗುವನ್ನು ಎತ್ತುವ ಹಾಗೆ ಎತ್ತಿ ಪಕ್ಕಕ್ಕೆ ಇಟ್ಟರು. ಹಾವು ಒಂದೂವರೆ ಮೀಟರ್ ಇತ್ತಂತೆ. ಅವಳು ನೋಡಲಿಲ್ಲ.

ಅವತ್ತು ಮನೆಗೆ ಹೋದವಳು ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಪಟ್ಟಣಕ್ಕೆ ಅಂಟಿಕೊಂಡ ತ್ರೆನೆಲ್ ದಿಬ್ಬದ ಸಿಮೆಂಟಿನ ಮೆಟ್ಟಿಲುಗಳ ಮೇಲಿನ ತನ್ನ ಎರಡು ಕೋಣೆಯ ಮನೆಯಲ್ಲಿ, ಬಾಗಿಲ ಸಂದಿಗೆ ಹಳೆಬಟ್ಟೆ ತುರುಕಿ, ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಕೂತಳು. ಸಿಮೆಂಟಿನ ನೆಲದ ಮೇಲಿದ್ದ ನಂಬಿಕೆ ಹೋಗಿತ್ತು. ಅಲ್ಲಿಗೂ ಬಂತಲ್ಲ. ಇನ್ನು ಎಲ್ಲಿ ಕಾಲಿಡುವುದು? ನೆರೆಯವರು ಕಿಟಕಿಯಿಂದಲೇ ಶಹಬ್ಬಾಸ್ ಹೇಳಿ ಹೋದರು. ಚರ್ಚಿನಲ್ಲಿ ಪಾದ್ರಿ ಅವಳ ಹೆಸರೆತ್ತಿ ಹೊಗಳಿದರಂತೆ. ಅದನ್ನು ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ದೊಡ್ಡ ಏದುಸಿರು ಕೇಳಿಸಿತು. ಲೆಯೋಕಾದಿ. ಆ ಕಾಲಿನಲ್ಲಿ ನೂರಾ ಹನ್ನೆರಡು ಮೆಟ್ಟಿಲು ಹತ್ತಿ, ಕೈಯಲ್ಲಿ ಸೂಪಿನ ಡಬ್ಬಿ ಹಿಡಿದು ಬಂದಿದ್ದಳು.

"ಮೆಟ್ಟಿಲು ಎಣಿಸಿದೀನಿ ಕಣೇ, ಒಂದೊಂದಕ್ಕೂ ನಿಂಗೆ ಬೈದಿದೀನಿ," ಎಂದು ಮಂಚದ ಮೇಲೆ ಕುಸಿದಳು. "ಯಾವಾಗ ಬರ್ತೀಯ? ನಿನ್ನ ಮೇಜಿನ ಮೇಲೆ ಧೂಳು ಕೂತಿದೆ. ಬಂದವರೆಲ್ಲ ನಿನ್ನನ್ನೇ ಕೇಳ್ತಾರೆ, ನಂಗೆ ಹೇಳಿ ಹೇಳಿ ಗಂಟ್ಲು ಬಿತ್ತು. ಪ್ರಾಣ ಉಳಿಸಿದವಳು ಎಲ್ಲಿ, ಪ್ರಾಣ ಉಳಿಸಿದವಳು ಎಲ್ಲಿ ಅಂತ."

ಸಿದಾಲೀಸ್ ಕಿಟಕಿಯ ಕಡೆ ತಿರುಗಿದಳು.

"ನಾನು ಮೊದಲೇ ನೋಡಿದ್ದೆ."

"ಏನು ನೋಡಿದ್ದೆ?"

"ಅದನ್ನ. ನಿನ್ನ ಕಾಲು ಅದರ ಪಕ್ಕ ಇತ್ತು. ನೋಡಿನೂ ಸುಮ್ನಿದ್ದೆ. ವೆನಿಲಾ ಮಾರಿದೆ. ಆಮೇಲೆ ಪುಡಿ ಮಾರಿದೆ."

ಲೆಯೋಕಾದಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಅದರಲ್ಲಿ ಏನಿದೆಯೆಂದೇ ತಿಳಿಯದ ಹಾಗಾಯಿತು. ಬಗ್ಗಿ ತನ್ನ ಎಡಪಾದವನ್ನು ಕೈಯಿಂದ ಎತ್ತಿ ಮಂಚದ ಮೇಲೆ ಇಟ್ಟುಕೊಂಡಳು, ಅದು ಬೇರೆ ಯಾರದೋ ವಸ್ತು ಅನ್ನುವ ಹಾಗೆ.

"ಯಾಕೆ?" ಎಂದಳು ಕೊನೆಗೆ.

"ನೀನು ನಗ್ತೀಯ ಅಂತ."

ಕೆಳಗೆ ಬೀದಿಯಲ್ಲಿ ಯಾರದೋ ರೇಡಿಯೋ ಹಾಡುತ್ತಿತ್ತು. ಲೆಯೋಕಾದಿ ಕೆರಳಿ ಎದ್ದು ಹೋಗುತ್ತಾಳೆ ಎಂದು ಸಿದಾಲೀಸ್ ಕಾದಳು; ಹೋಗಲಿ ಎಂದೂ ಅನ್ನಿಸಿತು. ಲೆಯೋಕಾದಿ ಹೋಗಲಿಲ್ಲ. ಒರಟಾಗಿ ಹೇಳಿದಳು: "ನಗ್ತಿದ್ದೆ. ನಕ್ಕು, ಎಲ್ಲಿದೆ ತೋರಿಸು ಅಂತ ಆ ಮೂಟೆಗೆ ಇದೇ ಕಾಲಲ್ಲಿ ಒದೀತಿದ್ದೆ. ನನ್ನ ಬುದ್ಧಿ ನಂಗೆ ಗೊತ್ತಿಲ್ವಾ?" ಡಬ್ಬಿಯ ಮುಚ್ಚಳ ತೆಗೆಯುತ್ತ ಮತ್ತೆ ಹೇಳಿದಳು: "ಆದ್ರೂ ನೀನು ಹೇಳಬೇಕಿತ್ತು."

"ಹೇಳಬೇಕಿತ್ತು."

"ಸೂಪು ಆರ್ತಿದೆ. ಕುಡಿ."

ಇಬ್ಬರೂ ಒಂದೇ ಡಬ್ಬಿಯಿಂದ ಕುಡಿದರು. ಅದರ ಬಗ್ಗೆ ಅವರು ಮತ್ತೆ ಮಾತಾಡಲಿಲ್ಲ. ಆಮೇಲೆ ಯಾವತ್ತೂ ಆಡಿದ ಹಾಗೆ ಕಾಣೆ.

ಮರುದಿನ ಸಿದಾಲೀಸ್ ಮೆಟ್ಟಿಲಿಳಿದು ಪಟ್ಟಣಕ್ಕೆ ಬಂದಳು. ಮಾರುಕಟ್ಟೆಯ ಬಾಗಿಲಲ್ಲಿ ನಿಂತುಬಿಟ್ಟಳು. ಒಳಗೆ ಮೂಟೆಗಳು, ಕಟ್ಟುಗಳು, ಬುಟ್ಟಿಗಳು, ಪ್ರತಿಯೊಂದರ ಅಡಿಯಲ್ಲೂ ನೆರಳು. ಹಡಗಿನಿಂದ ಬಂದ ನಾಲ್ಕೈದು ಜನ ಅವಳ ಪಕ್ಕದಲ್ಲೇ ನಿಂತು ಕತ್ತೆತ್ತಿ ಚಾವಣಿ ನೋಡುತ್ತಿದ್ದರು. ದಾರಿಗೆ ಅಡ್ಡವಾಗಿದ್ದಾಳೆಂದು ಅವರಲ್ಲೊಬ್ಬ ಕ್ಷಮೆ ಕೇಳಿ ಮುಂದೆ ಹೋದ. ಒಳಗಿನಿಂದ ಲೆಯೋಕಾದಿ ಅವಳನ್ನು ನೋಡಿದಳು. ಹೆಸರು ಹಿಡಿದು ಕೂಗಲಿಲ್ಲ, ತಮಾಷೆ ಮಾಡಲಿಲ್ಲ; ಎದ್ದು, ಎರಡೂ ಮೇಜಿನ ಅಡಿಯ ಸರಕನ್ನೆಲ್ಲ ಒಂದೊಂದಾಗಿ ಹೊರಗೆಳೆದು, ದಾರಿಯ ಬೆಳಕಿನಲ್ಲಿ ಸಾಲಾಗಿ ಇಡತೊಡಗಿದಳು. ಕೊನೆಯ ಬುಟ್ಟಿಯನ್ನು ಎಳೆಯುವವರೆಗೂ ಸಿದಾಲೀಸ್ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಒಳಗೆ ಬಂದಳು.